ಮೇಲಿನ ಗದ್ದೆಯವರು

ಎಲ್ಲರಿಗೂ ನಮಸ್ಕಾರ. ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಹತ್ತುಮೀನಿನ ಬಗ್ಗೆ ನಾನು ಹೇಳಬೇಕಾಗಿಲ್ಲ. ಅರಸೀಕೆರೆ ಕಡೆಯಿಂದ ಬಂದವರಿಗಾಗಿ ಹೇಳುತ್ತೇನೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹಳ್ಳ ಕೆಂಪಾಗುತ್ತದೆ. ಆಗ ಮೀನು ಮೊಟ್ಟೆ ಇಡೋಕೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುತ್ತದೆ. ನಾವು ರಾತ್ರಿ ಟಾರ್ಚು, ಕತ್ತಿ ಹಿಡಿದು ಬದುವಿನ ಮೇಲೆ ಕಾಯುತ್ತೇವೆ. ಹೊಟ್ಟೆ ಸೀಳಿದರೆ ಬರೀ ಮೊಟ್ಟೆ. ರುಚಿ ಇರೋದೂ ಅದರಲ್ಲೇ, ತಕರಾರು ಇರೋದೂ ಅದರಲ್ಲೇ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿ ಕಡಲಿಗೆ ಇಳಿಯುವಂತಿಲ್ಲ. ಮರಿ ಮಾಡುವ ಕಾಲ ಅಂತ. ಗದ್ದೆಯ ಬದುವಿಗೆ ಯಾರು ಹಾಗೆ ಬೀಗ ಹಾಕುತ್ತಾರೆ?

ನಮ್ಮಲ್ಲಿ ಒಂದೇ ಮೀನನ್ನು ಒಬ್ಬೊಬ್ಬರು ಒಂದೊಂದು ಥರ ನೋಡುತ್ತಾರೆ. ರಾಮನಾಥಪುರದ ವಹ್ನಿ ಪುಷ್ಕರಿಣಿಯಲ್ಲಿ, ಶೃಂಗೇರಿಯ ತುಂಗೆಯಲ್ಲಿ ಅದು ದೇವರ ಮೀನು. ಪುರಿ ಎರಚಿದರೆ ಮಹಶೀರ್ ಮೀನು ಬಾಯಿ ತೆರೆದುಕೊಂಡು ಬರುತ್ತದೆ, ಮುಟ್ಟುವವರಿಲ್ಲ. ಆದರೆ ಆ ಭಕ್ತಿ ಹೊಳೆಯುದ್ದಕ್ಕೂ ಹರಿಯೋದಿಲ್ಲ, ಅಲ್ವಾ? ಕೆರೆ ಗುತ್ತಿಗೆ ಹಿಡಿದವನಿಗೆ ಅದು ಹಾಕಿದ ದುಡ್ಡು. ಗುತ್ತಿಗೆ ಮುಗಿಯುವ ವರ್ಷ ಸಣ್ಣ ಮೀನು ಬಿಡು ಅಂದರೆ ಅವನು ಯಾಕೆ ಬಿಡಬೇಕು? ಬಿಟ್ಟದ್ದು ಮುಂದೆ ಬರುವವನ ಬಲೆಗೆ ತಾನೇ. ಅವನನ್ನು ಬೈಯೋದಕ್ಕೆ ನನಗೆ ಮನಸ್ಸಿಲ್ಲ. ನೀರಲ್ಲಿ ತೋಟೆ, ಅಂದರೆ ಸಿಡಿಮದ್ದು, ಸಿಡಿಸಿ ಮೀನು ಹಿಡಿಯುವವರ ಮಾತು ಬೇರೆ.

ಯಾರ ಕಣ್ಣನ್ನು ನಂಬಬೇಕು ಅನ್ನೋದು ದೊಡ್ಡ ಪ್ರಶ್ನೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ 1980ರ ದಶಕದಲ್ಲೇ ದಡದ ಸಣ್ಣ ದೋಣಿಯವರು ಕಾಡ್ ಮೀನು ಕಡಿಮೆಯಾಗುತ್ತಿದೆ ಅಂದರು. ಆಳದಲ್ಲಿ ದೊಡ್ಡ ಬಲೆ ಎಳೆಯುವ ಟ್ರಾಲರ್ ಹಡಗಿನವರಿಗೆ ಮಾತ್ರ ಬಲೆ ತುಂಬುತ್ತಲೇ ಇತ್ತು. ಉಳಿದ ಮೀನು ಗುಂಪು ಕಟ್ಟಿ ನಿಲ್ಲುವ ಜಾಗ ಈ ಹಡಗಿನವರಿಗೆ ಗೊತ್ತಿತ್ತು. ಸರ್ಕಾರದ ಲೆಕ್ಕ ಆ ತುಂಬಿದ ಬಲೆಯ ಕಡೆಗೇ ವಾಲಿತು. 1992ರಲ್ಲಿ ಎರಡು ವರ್ಷಕ್ಕೆ ಅಂತ ನಿಷೇಧ ಹಾಕಿದರು. ತೆಗೆದದ್ದು 2024ರಲ್ಲಿ. ಸುಮಾರು 30,000 ಜನರ ಕೆಲಸ ಹೋಯಿತು.

ನಮ್ಮ ಅಜ್ಜ ಏನೂ ಓದಿದವರಲ್ಲ. ಕೂಣಿ, ಅಂದರೆ ಮೀನು ಹಿಡಿಯೋ ಬಿದಿರಿನ ಬುಟ್ಟಿ, ಇಡುವಾಗ ಹಳ್ಳದ ಒಂದು ಬದಿ ಬಿಟ್ಟೇ ಇಡುತ್ತಿದ್ದರು. ಮೀನಿನ ಮೇಲಿನ ಕನಿಕರ ಅಂತ ನಾನು ಬಹಳ ವರ್ಷ ಅಂದುಕೊಂಡಿದ್ದೆ. ಒಮ್ಮೆ ಕೇಳಿಯೇಬಿಟ್ಟೆ. "ಮೇಲಿನ ಗದ್ದೆಯವ್ರೂ ಉಣ್ಬೇಕಲ್ಲೋ" ಅಂದರು. ಅಷ್ಟೇ. ನೆರೆಯವರ ಜೊತೆ ಜಗಳ ಬೇಡ ಅಂತ ಮಾಡಿಕೊಂಡ ಕಟ್ಟಳೆ. ಅದರ ಸಂದಿಯಲ್ಲೇ ಮೊಟ್ಟೆ ತುಂಬಿದ ಮೀನೂ ದಾಟುತ್ತಿತ್ತು.

ಹೋದ ಮಳೆಗಾಲ ಅದೇ ಹಳ್ಳಕ್ಕೆ ಒಬ್ಬ ಹುಡುಗ ಈ ದಡದಿಂದ ಆ ದಡದವರೆಗೆ ಸೊಳ್ಳೆಪರದೆ ಕಟ್ಟಿದ್ದ. ಒಂದು ಬದಿಯಾದರೂ ಬಿಡಪ್ಪ ಅಂದೆ. ಅವನು ಗಂಟು ಬಿಗಿಯುತ್ತಲೇ ಹೇಳಿದ: "ಯಾರಿಗೆ ಬಿಡ್ಲಿ ಅಣ್ಣಾ? ಮೇಲೆ ಗದ್ದೆ ಎಲ್ಲ ಪಾಳು ಬಿದ್ದಿದೆ."