ಬೀಗದೊಳಗಿನ ಲೆಕ್ಕ ಯಾರದು?

ಹಾಸನ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಈಚೆಗೆ ಎಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬಳು ನನ್ನ ವಕೀಲಿ ಕಚೇರಿಗೆ ಬಂದಿದ್ದಳು. ಸಂದೇಶಗಳನ್ನು ಗೂಢಲಿಪಿಗೆ ತಿರುಗಿಸುವ ತಂತ್ರಾಂಶವೊಂದನ್ನು ಬರೆದಿದ್ದಾಳೆ. "ಇದಕ್ಕೆ ಪೇಟೆಂಟ್ ಸಿಗುತ್ತದೆಯೇ ಸರ್?" ಎಂದು ಕೇಳಿದಳು. ಬೇಲೂರಿನ ಹುಡುಗಿ. ಅವಳ ಊರಿನ ದೇವಸ್ಥಾನದಿಂದಲೇ ಮಾತು ಆರಂಭಿಸಿದೆ.

ಚೆನ್ನಕೇಶವನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ವಿಗ್ರಹಗಳ ಮೇಲೆ ಹೆಸರು ಕೊರೆದಿದ್ದಾರೆ. ವಿಗ್ರಹ ದಾಸೋಜನದು, ಸರಿ. ಮೈ ಮೂರು ಕಡೆ ಬಾಗಿದ ತ್ರಿಭಂಗಿಯ ನಿಲುವು ಅವನೊಬ್ಬನದಲ್ಲ. ಹಳೇಬೀಡಿನ ಶಿಲ್ಪಿಗಳು ಅದಕ್ಕಾಗಿ ಯಾರ ಅಪ್ಪಣೆಯನ್ನೂ ಬೇಡಬೇಕಿರಲಿಲ್ಲ. ಸೋರ್ಸ್ ಕೋಡ್, ಅಂದರೆ ತಂತ್ರಾಂಶದ ಬರಹ, ಆ ವಿಗ್ರಹದಂತೆ. 1957ರ ಕೃತಿಸ್ವಾಮ್ಯ ಕಾಯಿದೆ ಅದನ್ನು ಸಾಹಿತ್ಯ ಕೃತಿಯೆಂದೇ ಎಣಿಸುತ್ತದೆ. ಬರೆದಾಗಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ.

ಕೋಡಿನ ಒಳಗಿರುವ ಲೆಕ್ಕದ ಮಾತು ಬೇರೆ, ಅದು ತ್ರಿಭಂಗಿಯ ನಿಲುವಿನಂತೆ. ನಮ್ಮ 1970ರ ಪೇಟೆಂಟ್ ಕಾಯಿದೆಯ ಮೂರನೆಯ ಕಲಮು ಗಣಿತದ ವಿಧಾನ, ಆಲ್ಗಾರಿದಮ್ (ಲೆಕ್ಕ ಬಿಡಿಸುವ ಹಂತಗಳ ಕ್ರಮ), ಬರಿಯ ಕಂಪ್ಯೂಟರ್ ಪ್ರೋಗ್ರಾಂ ಇವುಗಳನ್ನು ಆವಿಷ್ಕಾರವೆಂದು ಒಪ್ಪುವುದಿಲ್ಲ. 2004ರ ಕೊನೆಯಲ್ಲಿ ಸುಗ್ರೀವಾಜ್ಞೆಯೊಂದು ಈ ಕಟ್ಟನ್ನು ಸಡಿಲಿಸಿತ್ತು. 2005ರಲ್ಲಿ ಸಂಸತ್ತು ಆ ಸಡಿಲಿಕೆಯನ್ನು ಕೈಬಿಟ್ಟಿತು. ಅದು ಸರಿಯಾದ ತೀರ್ಮಾನವೆಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಕಾರಣ ಆರ್‌ಎಸ್‌ಎ ಎಂಬ ಗೂಢಲಿಪಿಯ ಕಥೆಯಲ್ಲಿದೆ. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಲಬ್ಧದಿಂದ ಅವೆರಡನ್ನು ಬಿಡಿಸುವುದು ಬಹಳ ಕಷ್ಟ. ಇದನ್ನೇ ಆಧರಿಸಿ ರಿವೆಸ್ಟ್, ಶಮೀರ್, ಏಡಲ್‌ಮನ್ 1977ರಲ್ಲಿ ಅದನ್ನು ರೂಪಿಸಿದರು. 1983ರಲ್ಲಿ ಅಮೆರಿಕದ ಪೇಟೆಂಟ್ ಬಂತು. 2000ದ ಸೆಪ್ಟೆಂಬರ್‌ವರೆಗೂ ಅಲ್ಲಿ ಆ ವಿಧಾನ ಬಳಸಲು ಪರವಾನಗಿ ಬೇಕಿತ್ತು. ಜನರ ಖಾಸಗಿತನಕ್ಕಾಗಿ 1991ರಲ್ಲಿ ಪಿಜಿಪಿ ಎಂಬ ಗೂಢಲಿಪಿ ತಂತ್ರಾಂಶವನ್ನು ಉಚಿತವಾಗಿ ಹಂಚಿದ ಫಿಲ್ ಝಿಮ್ಮರ್‌ಮನ್ ಕೂಡ ಈ ಪೇಟೆಂಟಿನ ತಕರಾರಿಗೆ ಸಿಲುಕಿದರು. ಬ್ರಿಟನ್ನಿನ ಗುಪ್ತಚರ ಸಂಸ್ಥೆಯಲ್ಲಿದ್ದ ಕ್ಲಿಫರ್ಡ್ ಕಾಕ್ಸ್ 1973ರಲ್ಲೇ ಬಹುಮಟ್ಟಿಗೆ ಇದೇ ಲೆಕ್ಕವನ್ನು ಕಂಡುಕೊಂಡಿದ್ದರು. ಅದು ಬಹಿರಂಗವಾದದ್ದು 1997ರಲ್ಲಿ. ಒಬ್ಬರನ್ನೊಬ್ಬರು ಅರಿಯದವರು ತಲುಪಿದ್ದು ಒಂದೇ ಗಣಿತಕ್ಕೆ. ಅಂಥದ್ದಕ್ಕೆ ಒಬ್ಬರು ಮಾತ್ರ ಬೇಲಿ ಹಾಕುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ. 2001ರಲ್ಲಿ ಅಮೆರಿಕ ಸರ್ಕಾರದ ಮಾನಕವಾದ ಎಇಎಸ್ ಎಂಬ ಇನ್ನೊಂದು ಗೂಢಲಿಪಿ ಎಲ್ಲರಿಗೂ ರಾಯಧನವಿಲ್ಲದೆ ದೊರೆಯಿತು. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ಹಾಗೆಂದು ನಮ್ಮಲ್ಲಿ ಬಾಗಿಲು ಪೂರ್ತಿ ಮುಚ್ಚಿಲ್ಲ. ಪ್ರೋಗ್ರಾಂ ಇದೆ ಎಂದ ಮಾತ್ರಕ್ಕೆ ಅರ್ಜಿ ತಿರಸ್ಕರಿಸಬಾರದು, ಅದು ತರುವ ತಾಂತ್ರಿಕ ಪರಿಣಾಮವನ್ನೂ ನೋಡಬೇಕು ಎಂಬ ಧಾಟಿಯಲ್ಲಿ ದೆಹಲಿ ಹೈಕೋರ್ಟ್ 2019ರಲ್ಲಿ ಹೇಳಿದೆ.

ಆದ್ದರಿಂದ ಆ ಹುಡುಗಿಗೆ ಒಂದು ಪ್ರಶ್ನೆ ಹಾಕಿದೆ: ನಿನ್ನ ತಂತ್ರಾಂಶದಿಂದ ಯಂತ್ರದ ಕೆಲಸದಲ್ಲೇ ಏನಾದರೂ ಸುಧಾರಿಸುತ್ತದೆಯೇ? ಹೌದಾದರೆ, ಕಾಲೇಜಿನ ಪ್ರದರ್ಶನದಲ್ಲಿಡುವ ಮುನ್ನ ಅರ್ಜಿ ಹಾಕಮ್ಮ ಎಂದೆ. ಆರ್‌ಎಸ್‌ಎಗೆ ಬೇರೆ ದೇಶಗಳಲ್ಲಿ ಪೇಟೆಂಟ್ ಕೈತಪ್ಪಿದ್ದು ಅರ್ಜಿಗಿಂತ ಮೊದಲೇ ವಿಧಾನ ಪತ್ರಿಕೆಯಲ್ಲಿ ಅಚ್ಚಾಗಿದ್ದರಿಂದ. ಬರಿಯ ಹೊಸ ಲೆಕ್ಕವಾಗಿದ್ದರೆ ಮುಚ್ಚಿಡದೆ ಪ್ರಕಟಿಸು, ಬಲ್ಲವರು ಒಡೆದು ನೋಡಲಿ ಎಂದೆ. ಗೂಢಲಿಪಿಯಲ್ಲಿ ಗುಟ್ಟಾಗಿರಬೇಕಾದದ್ದು ಕೀಲಿ, ವಿಧಾನವಲ್ಲ.

ನಮಸ್ಕಾರ.