ಕಾಯಿಸಿದ ವಜ್ರದೊಳಗೆ ನಿಕ್ಕಲ್ ಏನು ಮಾಡುತ್ತದೆ

ಲ್ಯಾಬಿನ ದೀಪ ಆರಿಸಿದ್ದೇನೆ. ಚಿಮಟದ ತುದಿಯಲ್ಲಿ ಕಾಣುತ್ತಿದೆಯಲ್ಲ, ಸಾಸಿವೆಕಾಳಿಗಿಂತ ಸ್ವಲ್ಪ ದೊಡ್ಡದು, ಅದು ವಜ್ರ. ಗಣಿಯದ್ದಲ್ಲ, ಭಾರೀ ಒತ್ತಡ ಹಾಕುವ ಪ್ರೆಸ್ಸಿನಲ್ಲಿ ಬೆಳೆಸಿದ್ದು. ಈಗ ಯುವಿ ಟಾರ್ಚ್ ಬಿಡುತ್ತೇನೆ. ನೋಡಿದ್ರಾ? ಹಸಿರು! ಆದರೆ ಇಡೀ ಹರಳು ಒಂದೇ ಸಮ ಹೊಳೆಯುತ್ತಿಲ್ಲ. ಒಂದು ಕಡೆ ಬೆಳಕು, ಪಕ್ಕದಲ್ಲೇ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಕತ್ತಲು.

ನನಗೆ ಹುಚ್ಚು ಹಿಡಿಸಿದ್ದೇ ಈ ಗೆರೆ.

ವಜ್ರ ಬೆಳೆಸಲು ಕಬ್ಬಿಣ, ನಿಕ್ಕಲ್, ಕೋಬಾಲ್ಟ್ ಇಂಥ ಲೋಹ ಕರಗಿಸಿ, ಅದರೊಳಗೆ ಕಾರ್ಬನ್ ಕರಗುವ ಹಾಗೆ ಮಾಡುತ್ತಾರೆ. ಸುಮಾರು 1,400 ಡಿಗ್ರಿ ಸೆಲ್ಸಿಯಸ್ ಬಿಸಿ, ವಾತಾವರಣದ ಒತ್ತಡದ 50,000 ಪಟ್ಟು ಒತ್ತಡ. 1954ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವರು ವಜ್ರ ಮಾಡಿದ್ದೂ ಲೋಹದ ನೆರವಿನಿಂದಲೇ. ಈ ಲೋಹ ಪೂರ್ತಿ ಹೊರಗೆ ಉಳಿಯುವುದಿಲ್ಲ. ಸಣ್ಣ ಹನಿಯಾಗಿ ಸಿಕ್ಕಿಕೊಂಡರೆ ಕೆಲವು ಹರಳು ಆಯಸ್ಕಾಂತಕ್ಕೆ ಅಂಟುತ್ತವೆ. ಬೆಳಕು ಬರುವುದು ಮಾತ್ರ ಹನಿಯಿಂದಲ್ಲ, ಒಂಟಿ ಪರಮಾಣುಗಳಿಂದ. ನಿಕ್ಕಲ್ ಕಾರ್ಬನ್‌ಗಿಂತ ತುಂಬಾ ದೊಡ್ಡದು, ಆದರೂ ಅದರ ಜಾಗದಲ್ಲೇ ತೂರಿಕೊಂಡು ಕೂರುತ್ತದೆ. ಹರಳು ಬೆಳೆಯುವಾಗ ಎರಡು ಬಗೆಯ ಮುಖಗಳು ಬರುತ್ತವೆ: ಎಂಟು ಮುಖದ ಅಷ್ಟಮುಖಿಯವು, ಡಬ್ಬಿಯಾಕಾರದ ಘನದವು. ನಿಕ್ಕಲ್ ಸೇರುವುದು ಅಷ್ಟಮುಖಿ ಮುಖಗಳು ಬೆಳೆದ ಕಡೆ ಮಾತ್ರ, ಘನದ ಮುಖಗಳ ಕಡೆ ಸೇರುವುದಿಲ್ಲ. ಗೆರೆ ಬಂದಿದ್ದು ಹಾಗೆ.

ಇದರ ಜೊತೆಗೇ ಬೆಳೆದ ಇನ್ನೊಂದು ಹರಳನ್ನು, ಗ್ರಾಫೈಟ್ ಆಗಿಬಿಡಬಾರದು ಅಂತ ಒತ್ತಡದಲ್ಲೇ ಇಟ್ಟು, 1,700 ಡಿಗ್ರಿಗೂ ಮೇಲೆ ಕಾಯಿಸಿದೆವು. ಚಿನ್ನವನ್ನು ಪುಟಕ್ಕಿಟ್ಟ ಹಾಗೆ ಇದೂ ಶುದ್ಧವಾಗುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಇಲ್ಲ, ನಿಕ್ಕಲ್ ಎಲ್ಲೂ ಹೋಗುವುದಿಲ್ಲ. ಅಷ್ಟು ಬಿಸಿಗೆ ಓಡಾಡಲು ಶುರು ಮಾಡುವುದು ಹರಳಿನೊಳಗೆ ಮೊದಲೇ ಸೇರಿಕೊಂಡಿರುವ ನೈಟ್ರೋಜನ್, ಅದು ಬಂದು ನಿಕ್ಕಲ್ ಪಕ್ಕ ಒಂದೊಂದಾಗಿ ಸೇರಿಕೊಳ್ಳುತ್ತದೆ. ಎಷ್ಟು ನೈಟ್ರೋಜನ್ ಸುತ್ತುವರಿದಿದೆ ಅನ್ನುವುದರ ಮೇಲೆ ಬೆಳಕಿನ ಬಣ್ಣವೇ ಬೇರೆ.

ಕಾಯಿಸಿದ ಹರಳಿಗೆ ದ್ರವ ನೈಟ್ರೋಜನ್ ಸುರಿದು ಮೈನಸ್ 196 ಡಿಗ್ರಿಗೆ ಇಳಿಸಿದ ಮೇಲೆ ತೆಗೆದ ಸ್ಪೆಕ್ಟ್ರಂ ಇದು, ಅಂದರೆ ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ಬರುತ್ತಿದೆ ಅನ್ನುವ ನಕ್ಷೆ. ಕಾಯಿಸುವ ಮುಂಚೆ 484 ನ್ಯಾನೋಮೀಟರ್‌ನಲ್ಲಿ ಎತ್ತರಕ್ಕಿದ್ದ ಶಿಖರ ಈಗ ಕುಗ್ಗಿದೆ. ಬಲಗಡೆ, 793ರಲ್ಲಿ ಹೊಸದೊಂದು ಎದ್ದಿದೆ. ಅದು ಬರುವುದು ಒಂದು ನಿಕ್ಕಲ್, ಸುತ್ತ ನಾಲ್ಕು ನೈಟ್ರೋಜನ್ ಇರುವ ಗುಂಪಿನಿಂದ, ಇದಕ್ಕೆ ‘ಕೇಂದ್ರ’ ಅನ್ನುತ್ತಾರೆ. ಈ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ ಅನ್ನಬಹುದು, ಆದರೆ ಇಂಥ ಒಂದೇ ಒಂದು ಕೇಂದ್ರದಿಂದ ಒಂದೊಂದೇ ಫೋಟಾನ್ (ಬೆಳಕಿನ ಕಣ) ಹೊರಬರುವುದನ್ನು 2004ರಲ್ಲೇ ಅಳೆದು ತೋರಿಸಿದ್ದಾರೆ. ಅದನ್ನು ಓದಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕೊನೆಗೆ ಇದನ್ನೂ ನೋಡಿ, ಕೋಬಾಲ್ಟ್‌ನಲ್ಲಿ ಬೆಳೆಸಿ ಕಾಯಿಸಿದ್ದು. ಅದೇ ಟಾರ್ಚ್. ಹಳದಿ!