ಸ್ನೋಡ್ರಾಪ್ ಬಿತ್ತಿದೆ, ಹರಿವೆ ಬಂತು

ಕೇಳುಗರೆಲ್ಲರಿಗೂ ನಮಸ್ಕಾರ.

ಮೂರು ವರ್ಷದ ಹಿಂದೆ ಶಿರಸಿಯ ನಮ್ಮ ಮನೆಗೆ ಒಂದು ಪೊಟ್ಟಣ ಬಂತು. ಆನ್‌ಲೈನ್‌ನಲ್ಲಿ ನಾನೇ ತರಿಸಿದ್ದು. ಮೇಲೆ ಹಿಮದ ನಡುವೆ ತಲೆ ತಗ್ಗಿಸಿ ನಿಂತ ಬಿಳಿ ಹೂವಿನ ಚಿತ್ರ. ಸ್ನೋಡ್ರಾಪ್ ಬೀಜ, 180 ರೂಪಾಯಿ. ಒಳಗೆ ಸಾಸಿವೆಗಿಂತ ಸಣ್ಣ, ಹೊಳೆಯುವ ಕಪ್ಪು ಕಾಳು. ಬಿತ್ತಿದೆ. ಐದನೇ ದಿನಕ್ಕೇ ಮೊಳಕೆ! ಕಂಡವರಿಗೆಲ್ಲ ಹೇಳಿಕೊಂಡು ಬಂದೆ. ಇಪ್ಪತ್ತು ದಿನ ಕಳೆದ ಮೇಲೆ ಅತ್ತೆ ಕುಂಡದ ಹತ್ತಿರ ಬಗ್ಗಿ ನೋಡಿ, "ಇದು ಹರಿವೆ ಸೊಪ್ಪು ಅಲ್ದನೇ?" ಎಂದರು. ಹೌದು, ಹರಿವೆಯೇ. ಹುಳಿ ಮಾಡಿ ಉಂಡೆವು. ರುಚಿಯಾಗಿತ್ತು, ಸುಳ್ಳು ಹೇಳಬಾರದು.

ಆಮೇಲೆ ಓದಿ ನೋಡಿದರೆ, ಅಸಲಿ ಬೀಜ ಬಂದಿದ್ದರೂ ನನಗೆ ಹೂ ಸಿಗುತ್ತಿರಲಿಲ್ಲ. ಸ್ನೋಡ್ರಾಪ್ ಯುರೋಪಿನ ಗಡ್ಡೆ ಗಿಡ. ಅದರ ಬೀಜ ತಿಳಿ ಬಣ್ಣದ್ದು, ಒಂದು ತುದಿಗೆ ಮೆತ್ತನೆಯ ಬಾಲ. ಆ ಬಾಲದ ಆಸೆಗೆ ಇರುವೆಗಳು ಬೀಜವನ್ನು ಎಳೆದುಕೊಂಡು ಹೋಗುತ್ತವೆ. ಬಾಲ ತಿಂದು ಬೀಜ ಬಿಡುತ್ತವೆ. ಅಲ್ಲಿ ಬಿತ್ತುವ ಆಳು ಅಂದ್ರೆ ಇರುವೆಯೇ. ಬೀಜ ಒಣಗಿತೋ, ಹುಟ್ಟುವುದು ಕಷ್ಟ. ಕಾಯಿ ಒಡೆದ ಕೂಡಲೇ ಬಿತ್ತಬೇಕು. ಮಣ್ಣಿನಲ್ಲಿ ಬೇಸಿಗೆ ಕಳೆದು, ಚಳಿಗಾಲವೂ ತಾಗಿದ ಮೇಲೆ ಮೊಳಕೆ. ಹೂವಿಗೆ ಮೂರ್ನಾಲ್ಕು ವರ್ಷ. ಶಿರಸಿಯಲ್ಲಿ ಡಿಸೆಂಬರ್ ಬೆಳಿಗ್ಗೆ ನಮಗೆ ಕಂಬಳಿ ಬೇಕು, ನಿಜ. ಸ್ನೋಡ್ರಾಪ್‌ಗೆ ಅದು ಚಳಿಯೇ ಅಲ್ಲ. ಇನ್ನು ಕಾರವಾರದ ಮಾತು ಬೇಡವೇ ಬೇಡ.

ಆದರೆ ಅದರ ದಾಯಾದಿ ನಮ್ಮ ಅಂಗಳದಲ್ಲೇ ಇತ್ತು. ಬಿಳಿ ಮಳೆ ಲಿಲ್ಲಿ. ಎರಡೂ ಒಂದೇ ಕುಟುಂಬ. ಇದೂ ಪರವೂರಿನದೇ, ಅರ್ಜೆಂಟೀನಾ, ಉರುಗ್ವೆ ಕಡೆಯದು. ಇದರ ಶಾಸ್ತ್ರೀಯ ಹೆಸರು ಜೆಫಿರಾಂಥಿಸ್, ಅಂದ್ರೆ ಪಡುವಣ ಗಾಳಿಯ ಹೂ. ನಮ್ಮ ಕರಾವಳಿಗೆ ಮಳೆ ತರುವುದೂ ಪಡುವಣ ಗಾಳಿಯೇ ಅಲ್ವಾ?

ಎಲ್ಲರೂ ಇದನ್ನು ಗಡ್ಡೆ ಕಿತ್ತು ಹಂಚುತ್ತಾರೆ. ಬೀಜದ ಕಡೆ ಯಾರೂ ನೋಡುವುದಿಲ್ಲ. ನಮ್ಮಲ್ಲಿ ಶ್ರಾವಣದಿಂದ ನವರಾತ್ರಿವರೆಗೆ ಹೂ ಜಾಸ್ತಿ. ಹೂ ಬಾಡಿದ ಮೇಲೂ ದಂಟು ಹಾಗೇ ಬಿಡಿ. ತುದಿಯಲ್ಲಿ ಮೂರು ಬಟಾಣಿ ಒತ್ತಿಟ್ಟ ಹಾಗೆ ಒಂದು ಹಸಿರು ಕಾಯಿ ಉಬ್ಬುತ್ತದೆ. ಮೂರ್ನಾಲ್ಕು ವಾರದಲ್ಲಿ ಹಳದಿಗೆ ತಿರುಗಿ, ಬೆಳಿಗ್ಗೆ ನೋಡಿದರೆ ಮುಚ್ಚಿದ್ದು, ಮಧ್ಯಾಹ್ನ ಒಡೆದಿರುತ್ತದೆ. ಒಳಗೆ ಸುಟ್ಟ ಕಾಗದದ ಚೂರಿನಂಥ ಚಪ್ಪಟೆ ಕಪ್ಪು ಬೀಜ, ಒಂದರ ಮೇಲೊಂದು ಜೋಡಿಸಿಟ್ಟಂತೆ. ಉಸಿರು ತಾಗಿದರೆ ಹಾರುತ್ತವೆ. ಅದಕ್ಕೇ ನಾನು ಕಾಯಿ ಹಳದಿಯಾಗುವಾಗಲೇ ಹಳೇ ಪಂಚೆಯ ತುಂಡನ್ನು ಸಡಿಲವಾಗಿ ಕಟ್ಟಿಬಿಡುತ್ತೇನೆ.

ಬೀಜ ಸಿಕ್ಕ ವಾರದೊಳಗೆ ಬಿತ್ತಿ. ಡಬ್ಬಿಯಲ್ಲಿ ಜೋಪಾನ ಮಾಡಿದಷ್ಟೂ ಹುಟ್ಟುವುದು ಕಡಿಮೆ. ಕೆಂಪು ಮಣ್ಣು, ಮರಳು, ಜರಡಿ ಹಿಡಿದ ಹಳೇ ಗೊಬ್ಬರ ಕಲಸಿ, ಬೀಜ ಮೇಲೆ ಹರಡಿ, ಕಾಣದಷ್ಟು ಮರಳು ಉದುರಿಸಿದರೆ ಸಾಕು. ಎರಡು ಮೂರು ವಾರದಲ್ಲಿ ಸೂಜಿಯಂಥ ಮೊಳಕೆ. ಕುಂಡವನ್ನು ಮಾಡಿನ ನೀರು ಬೀಳುವಲ್ಲಿ ಇಡಬೇಡಿ. ನನ್ನ ಮೊದಲ ಬಿತ್ತನೆ ಒಂದೇ ಜಡಿಮಳೆಗೆ ಚರಂಡಿ ಸೇರಿತು. ಎರಡನೆಯದನ್ನು ಕಳೆ ಕೀಳುವಾಗ ಹುಲ್ಲು ಅಂತ ನಾನೇ ಅರ್ಧ ಕಿತ್ತೆ! ಎಳೆಯ ಸಸಿಗೂ ಹುಲ್ಲಿಗೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಈಗ ಕುಂಡಕ್ಕೆ ಒಂದು ಕಡ್ಡಿ ಚುಚ್ಚಿ ಗುರುತು ಇಟ್ಟಿದ್ದೇನೆ. ಒಂದು ವರ್ಷ ಕದಲಿಸಬೇಡಿ. ಎರಡನೇ ಮಳೆಗಾಲಕ್ಕೆ ಕೆಲವು ಹೂ ಬಿಡುತ್ತವೆ.

ಹಳದಿ ಬಣ್ಣದ್ದೂ ಧಾರಾಳವಾಗಿ ಕಾಯಿ ಕಟ್ಟುತ್ತದೆ. ದೊಡ್ಡ ಗುಲಾಬಿ ಬಣ್ಣದ್ದು ನಮ್ಮಲ್ಲಿ ಕಾಯಿ ಕಟ್ಟಿದ್ದು ಕಾಣೆ. ಅದಕ್ಕೆ ಗಡ್ಡೆಯೇ ಗತಿ.

ಒಂದು ಎಚ್ಚರಿಕೆ. ಈ ಗಡ್ಡೆ ನೋಡಲು ಸಣ್ಣ ಈರುಳ್ಳಿ. ಆದರೆ ವಿಷ. ಸ್ನೋಡ್ರಾಪ್ ಗಡ್ಡೆಯೂ ಹಾಗೇ. ಮರೆವಿನ ಕಾಯಿಲೆಗೆ ಕೊಡುವ ಗ್ಯಾಲಂಟಮಿನ್ ಔಷಧಿ 1950ರ ದಶಕದಲ್ಲಿ ಸಿಕ್ಕಿದ್ದು ಸ್ನೋಡ್ರಾಪ್ ಜಾತಿಯಲ್ಲೇ. ಹಾಗಂತ ಯಾರೂ ಮನೆಮದ್ದು ಮಾಡಲು ಹೋಗಬೇಡಿ. ತರಕಾರಿ ಮಡಿಯಿಂದ ದೂರ ನೆಡಿ. ಮಕ್ಕಳಿಗೆ, ದನಕರುಗಳಿಗೆ ಸಿಗದಂತೆ ನೋಡಿಕೊಳ್ಳಿ.

ನಮ್ಮ ಅಂಗಳದಲ್ಲಿ ಈಗ ನಾಲ್ಕು ಕಾಯಿಗೆ ಪಂಚೆಯ ತುಂಡು ಕಟ್ಟಿದೆ. ಒಂದು ಇವತ್ತು ಬೆಳಿಗ್ಗೆ ಹಳದಿಗೆ ತಿರುಗಿತ್ತು. ನಾನು ಮನೆಗೆ ಹೋಗುವಷ್ಟರಲ್ಲಿ ಒಡೆದಿರುತ್ತದೋ ಏನೋ. ಬರುತ್ತೇನೆ, ನಮಸ್ಕಾರ.